ಸಹಾಯ ಬೇಕು: ‘ದಾಹಿನೆ ದೇಖ್’ ಹೊತ್ತಿಗೆ ಪ್ಲಟೂನ್ ಓರೆಯಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಆಗಸ್ಟ್ 15ರ ತಾಲ್ಲೂಕು ಪಥಸಂಚಲನಕ್ಕೆ ನಮ್ಮ ಕಾಲೇಜಿನ ಎನ್‌ಸಿಸಿ ಪ್ಲಟೂನ್ ಸಿದ್ಧವಾಗುತ್ತಿದೆ. 30 ಕೆಡೆಟ್‌ಗಳು, ಮೂರು ಸಾಲು. ತೇಜ್ ಚಲ್ (ವೇಗದ ನಡಿಗೆ) ನಿಮಿಷಕ್ಕೆ 116 ಹೆಜ್ಜೆ, ಹೆಜ್ಜೆಗೆ 30 ಇಂಚು. ನೇರ ನಡಿಗೆ ಚೆನ್ನಾಗಿದೆ.

ತೊಂದರೆ ಎರಡು ಕಡೆ. ‘ದಾಹಿನೆ ಘೂಮ್’ (ನಡೆಯುತ್ತಲೇ ಬಲಕ್ಕೆ ತಿರುಗುವುದು) ಆದಾಗ ಒಳಗಿನವನು ಹೆಜ್ಜೆ ಚಿಕ್ಕದು ಮಾಡುವ ಬದಲು ನಿಂತೇ ಬಿಡುತ್ತಾನೆ, ಹೊರಗಿನವನು ಓಡುತ್ತಾನೆ. ಹಿಂದಿನವರು ತಿರುವಿನ ಗುರುತಿಗೆ ಬರುವ ಮೊದಲೇ ತಿರುಗಲು ಶುರುಮಾಡುವುದರಿಂದ ಮೂಲೆ ಕತ್ತರಿಸಿಹೋಗುತ್ತದೆ. ನೆಲಕ್ಕೆ ಸುಣ್ಣದಿಂದ ಕಮಾನು ಎಳೆದು ತಿರುಗಿಸಿದರೆ ಸರಿ ಬರುತ್ತದೆ, ಸುಣ್ಣ ಅಳಿಸಿದ ಕೂಡಲೇ ಮತ್ತೆ ಅದೇ ಕಥೆ.

ಎರಡನೆಯದು ‘ದಾಹಿನೆ ದೇಖ್’ (ವೇದಿಕೆ ಮುಂದೆ ನಡೆಯುತ್ತಾ ಬಲಕ್ಕೆ ನೋಡುವ ಆದೇಶ), ಇದು ಇನ್ನೂ ಕಿರಿಕಿರಿ. ಮುಂದಿನ ಬಲಗೈಡ್ (ಬಲತುದಿಯಲ್ಲಿ ನಡೆದು ದಿಕ್ಕು ಹಿಡಿಸುವ ಕೆಡೆಟ್) ಮಾತ್ರ ನೇರ ನೋಡಬೇಕು, ಉಳಿದವರು ಕತ್ತು ತಿರುಗಿಸಬೇಕು. ಆದರೆ ಕತ್ತಿನ ಜೊತೆ ಎಡಭುಜವೂ ಮುಂದೆ ಬರುತ್ತದೆ, ಕಾಲು ಅದರ ಹಿಂದೆ ಹೋಗುತ್ತದೆ, ಇಡೀ ತಂಡ ವೇದಿಕೆಯತ್ತ ಜಾರುತ್ತದೆ. ಕೈಬೀಸು ಕೂಡ ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ನಿಂತಲ್ಲೇ ಕತ್ತು ತಿರುಗಿಸುವ ಅಭ್ಯಾಸ ಮಾಡಿಸಿದ್ದೇವೆ. ನಡೆಯುವಾಗ ಅದು ಉಳಿಯುತ್ತಿಲ್ಲ.

ಮಾಜಿ ಸೈನಿಕರು, ಡ್ರಿಲ್ ಉಸ್ತಾದರು ಹೇಳಿ: ಭುಜ ನೇರ ಇಡಿಸಲು ಯಾವ ಅಭ್ಯಾಸ ಮಾಡಿಸುತ್ತೀರಿ? 116ರ ತಾಳಕ್ಕೆ ಬಾರಿಸಿದ ಡ್ರಮ್ ರೆಕಾರ್ಡಿಂಗ್ ಇದ್ದರೆ ಕಳಿಸಿ. ಮೊಬೈಲ್‌ನ ಮೆಟ್ರೊನೋಮ್ ಮೈದಾನದಲ್ಲಿ ಹಿಂದಿನ ಸಾಲಿಗೆ ಕೇಳಿಸುವುದೇ ಇಲ್ಲ. ಪೇಸ್ ಸ್ಟಿಕ್ (ಹೆಜ್ಜೆಯ ಉದ್ದ ಅಳೆಯುವ ಕೋಲು) ಎರವಲು ಕೊಡುವವರಿದ್ದರೂ ತಿಳಿಸಿ, ಹಬ್ಬ ಮುಗಿದ ಮೇಲೆ ವಾಪಸ್ ತಲುಪಿಸುತ್ತೇವೆ.