ಊರಿನ ಕಾಲುದಾರಿಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ ಯಾವ ಟ್ಯಾಗ್ ಕೊಡ್ತೀರಿ?

ನಮ್ಮೂರು ತೀರ್ಥಹಳ್ಳಿ ಕಡೆ. ಯಾರು ಬೇಕಾದ್ರೂ ತಿದ್ದಬಹುದಾದ ಆನ್‌ಲೈನ್ ಮ್ಯಾಪ್ ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ ಊರಿನ ದಾರಿಗಳನ್ನ ಹಾಕೋಕೆ ಶುರು ಮಾಡಿದೀನಿ. ತೋಟದ ದಾರಿ, ದೇವಸ್ಥಾನದ ಮೆಟ್ಟಿಲು, ಗುಡ್ಡ ಹತ್ತೋ ದಾರಿ, ಎಲ್ಲಕ್ಕೂ ಪಾತ್ ಅಂತ ಟ್ಯಾಗ್ (ಎಂಥ ದಾರಿ ಅಂತ ಹೇಳೋ ಗುರುತು) ಕೊಟ್ರೆ ಆಗುತ್ತಾ? ಅನುಭವ ಇರೋರು ಹೇಳಿ.

—

ಬೇಡ ಸರ್, ಎಲ್ಲಕ್ಕೂ ಒಂದೇ ಕೊಡಬೇಡಿ. ಆ ದಾರೀಲಿ ಏನೇನು ಹೋಗುತ್ತೆ ಅನ್ನೋದನ್ನ ಮೊದಲು ನೋಡಿ. ಜೀಪು, ಟ್ರ್ಯಾಕ್ಟರ್ ಹೋಗೋವಷ್ಟು ಅಗಲ ಇದ್ರೆ ಟ್ರ್ಯಾಕ್, ಅದಕ್ಕೆ ಗ್ರೇಡ್ 1ರಿಂದ 5ರ ತನಕ ಇದೆ, ಗಟ್ಟಿ ನೆಲಕ್ಕೆ 1, ಮೆತ್ತನೆ ಮಣ್ಣಿಗೆ 5. ನಡೆಯೋರಿಗೆ ಅಂತಲೇ ಮಾಡಿದ್ದು ಫುಟ್‌ವೇ. ಮೆಟ್ಟಿಲಿಗೆ ಸ್ಟೆಪ್ಸ್ ಅಂತ ಬೇರೆಯೇ ಇದೆ, ಅದನ್ನ ಬಿಟ್ಟು ಪಾತ್ ಕೊಟ್ರೆ ಆಪ್‌ಗಳು ಸೈಕಲ್‌ನೋರನ್ನೂ ಅಲ್ಲಿಗೇ ಕಳಿಸಬಹುದು, ಯಾಕಂದ್ರೆ ಪಾತ್ ಅಂತ ಬರೀ ಅಷ್ಟೇ ಹಾಕಿದ್ರೆ ಸೈಕಲ್ಲೂ ಹೋಗುತ್ತೆ ಅಂತ ಲೆಕ್ಕ.

ತೋಟದ ದಾರೀಲಿ ಬೈಕ್ ಹೋಗುತ್ತೆ, ಕಾರು ಹೋಗಲ್ಲ ಅಂದ್ರೆ ನಾನು ಪಾತ್ ಕೊಟ್ಟು ಮೋಟರ್‌ಸೈಕಲ್=ಯೆಸ್ ಸೇರಿಸ್ತೀನಿ, ಅಗಲ ಮತ್ತೆ ಸರ್ಫೇಸ್ ಕೂಡ. ಕಾಲುಸಂಕ ಮಾತ್ರ ದಯವಿಟ್ಟು ಮರೀಬೇಡಿ. ಅಷ್ಟು ತುಂಡು ಗೆರೆ ಬೇರೆ ಮಾಡಿ ಬ್ರಿಡ್ಜ್=ಯೆಸ್, ಲೇಯರ್=1 (ಹಳ್ಳಕ್ಕಿಂತ ಮೇಲಿದೆ ಅಂತ) ಕೊಡಿ. ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ ಆದ್ರೆ ಬೈಕ್ ದಾಟಲ್ಲ, ಆ ತುಂಡಿಗೆ ಮೋಟರ್‌ಸೈಕಲ್=ನೋ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಶಾಲೆ ಮಕ್ಕಳು ದಾಟೋದು ಅದರ ಮೇಲೇನೇ, ಮ್ಯಾಪಲ್ಲಿ ಕಾಣಲೇಬೇಕು. ಮರದ ನೆರಳಿಗೆ ಸ್ಯಾಟಲೈಟ್ ಫೋಟೋದಲ್ಲಿ ಇದ್ಯಾವುದೂ ಕಾಣಲ್ಲ, ನಡೆದೇ ನೋಡಬೇಕು.

—

ಪೇಟೆ ಫುಟ್‌ಪಾತ್ ಹಾಕೋರಿಗೂ ಒಂದು ಮಾತು. ರಸ್ತೆ ಗೆರೆಗೇ ಸೈಡ್‌ವಾಕ್=ಬೋತ್ ಅಂತ ಕೊಡಬಹುದು, ಇಲ್ಲಾ ಬೇರೆ ಗೆರೆ ಎಳೀಬಹುದು. ಬೆಂಗಳೂರಲ್ಲಿ ಟೆಂಡರ್‌ಶ್ಯೂರ್ (ರಸ್ತೆ, ಫುಟ್‌ಪಾತ್ ಹೊಸದಾಗಿ ಕಟ್ಟೋ ಯೋಜನೆ) ಆಗಿರೋ ರೆಸಿಡೆನ್ಸಿ ರೋಡ್ ಥರ ಅಗಲ ಫುಟ್‌ಪಾತ್ ಇದ್ರೆ ಬೇರೆ ಗೆರೆನೇ ಚೆನ್ನ, ಆದ್ರೆ ರಸ್ತೆ ದಾಟೋ ಜಾಗಗಳನ್ನೂ ಹಾಕಿ ಜೋಡಿಸಬೇಕು, ಇಲ್ಲಾಂದ್ರೆ ಎದುರುಗಡೆ ಅಂಗಡಿಗೆ ಹೋಗೋಕೂ ಆಪ್ ಊರೆಲ್ಲಾ ಸುತ್ತಿಸುತ್ತೆ. ಅಂಚಿನ ಕಲ್ಲು ಎತ್ತರ ಇದೆಯಾ, ಇಳಿಜಾರು ಮಾಡಿದಾರಾ ಅಂತ ಕರ್ಬ್ ಟ್ಯಾಗ್ ಹಾಕಿ, ವೀಲ್‌ಚೇರ್ ಇರೋರಿಗೆ ಅದೇ ಮುಖ್ಯ.

—

ಗುಡ್ಡದ ದಾರಿಗೆ ಪಾತ್ ಸರಿ ಮಾರಾಯ್ರೆ, ಆದ್ರೆ ಅಷ್ಟಕ್ಕೇ ನಿಲ್ಲಿಸ್ಬೇಡಿ. ಕಷ್ಟ ಎಷ್ಟು ಅಂತ ಹೇಳ್ಲಿಕ್ಕೆ ಸ್ಯಾಕ್ ಸ್ಕೇಲ್ ಉಂಟು, ಸ್ವಿಸ್ ಆಲ್ಪೈನ್ ಕ್ಲಬ್‌ನವರದ್ದು, ಆರು ಹಂತ. ಇಡೀ ದಾರಿಗೆ ಒಂದೇ ಹಂತ ಕೊಡುದಲ್ಲ. ಕುಮಾರ ಪರ್ವತವನ್ನೇ ನೋಡಿ, ಕುಕ್ಕೆಯಿಂದ ಗಿರಿಗದ್ದೆವರೆಗೆ ಕಾಡು, ಆಮೇಲೆ ಬಯಲು ಹುಲ್ಲುಗುಡ್ಡ, ಸೋಮವಾರಪೇಟೆ ಕಡೆಯಿಂದ ಹತ್ತಿದ್ರೆ ಕಡಿದಾದ ಬಂಡೆ. ಎಲ್ಲಿ ಬದಲಾಗ್ತದೋ ಅಲ್ಲಿ ಗೆರೆ ಕತ್ತರಿಸಿ. ಹುಲ್ಲು ಬೆಳೆದು ಜಾಡು ತಪ್ಪುವಲ್ಲಿ ಟ್ರೇಲ್ ವಿಸಿಬಿಲಿಟಿ=ಬ್ಯಾಡ್ ಹಾಕಿ, ಮಂಜು ಮುಸುಕಿದಾಗ ಹೊಸಬರು ದಾರಿ ತಪ್ಪುದೇ ಅಂಥಲ್ಲಿ. ಬೇಲಿಯಲ್ಲಿ ತಡಮೆ (ಜನ ದಾಟ್ಲಿಕ್ಕೆ, ದನ ದಾಟದ ಹಾಗೆ ಮಾಡಿದ್ದು) ಇದ್ರೆ ಬ್ಯಾರಿಯರ್=ಸ್ಟೈಲ್. ಅರಣ್ಯ ಇಲಾಖೆ ಪರ್ಮಿಟ್ ಬೇಕಾದ ದಾರಿಗೆ ಫುಟ್=ಪರ್ಮಿಟ್ ಹಾಕದೆ ಸೇವ್ ಮಾಡ್ಬೇಡಿ.