ಅಪ್‌ಡೇಟ್: ನಲ್ಲಿ ಸೋರುವುದು ನಿಂತಿದೆ, ನಿಲ್ಲಿಸಿದ್ದು ಮಗಳು

15 ವರ್ಷದ ಮಗಳಿಗೂ 13ರ ಮಗನಿಗೂ ಮನೆಯ ಸಣ್ಣಪುಟ್ಟ ರಿಪೇರಿ ಹೇಗೆ ಕಲಿಸಲಿ ಅಂತ ಹೋದ ತಿಂಗಳು ಕೇಳಿದ್ದೆ. "ಮೊದಲು ನೀರು, ಕರೆಂಟು ನಿಲ್ಲಿಸಲು ಕಲಿಸಿ, ಬಿಚ್ಚುವುದು ಆಮೇಲೆ" ಅಂದಿದ್ದರು ಒಬ್ಬರು. ಹಾಗೇ ಮಾಡಿದೆ.

ಮನೆಗೆ ಬರುವ ನೀರು ನಿಲ್ಲಿಸಲು ಟ್ಯಾಂಕಿನ ಪೈಪಿನ ಗೇಟ್‌ವಾಲ್ವ್ ಹುಡುಕಿಸಿದೆ. ವರ್ಷಗಟ್ಟಲೆ ತಿರುಗಿಸದೆ ಗಟ್ಟಿಯಾಗಿತ್ತು. ಮೀಟರ್ ಬೋರ್ಡಿನ ಯಾವ ಎಂಸಿಬಿ (ಕರೆಂಟ್ ಕಟ್ ಮಾಡುವ ಸ್ವಿಚ್) ಯಾವ ಕೋಣೆಗೆ ಅಂತ ಮಗ ಒಂದೊಂದೇ ಇಳಿಸಿ ನೋಡಿ ಚೀಟಿ ಅಂಟಿಸಿದ. ಕರೆಂಟ್ ಸೋರಿದರೆ ತಾನಾಗಿಯೇ ಕಟ್ ಮಾಡುವ ಆರ್‌ಸಿಸಿಬಿ ಸ್ವಿಚ್‌ನ ಟೆಸ್ಟ್ ಬಟನ್ ಒತ್ತಿದಾಗ ಇಡೀ ಮನೆಯ ಕರೆಂಟ್ ಹೋಯಿತು. ಹೋಗಲೇಬೇಕು ಅಲ್ವಾ? ನಮ್ಮದು 30 ಮಿಲಿಆಂಪಿಯರ್‌ನಷ್ಟು ಸಣ್ಣ ಸೋರಿಕೆಗೇ ಕಟ್ ಆಗುವಂಥದು, ಶಾಕ್ ಹೊಡೆದಾಗ ಜೀವ ಉಳಿಸುವುದು ಅದೇ. ವೈರಿಂಗ್ ಮಾತ್ರ ಮುಟ್ಟಿಸಿಲ್ಲ. ಅದಕ್ಕೆ ಎಲೆಕ್ಟ್ರಿಷಿಯನ್ನೇ ಬರಲಿ.

ಅಡುಗೆಮನೆ ನಲ್ಲಿ ಮಗಳ ಪಾಲಿಗೆ ಬಂತು. ಒಳಗಿನ ವಾಷರ್ ಸವೆದಿತ್ತು. ಅಳತೆ ತಪ್ಪಬಾರದೆಂದು ಹಳೆಯದನ್ನೇ ಹಿಡಿದು ಹಾರ್ಡ್‌ವೇರ್ ಅಂಗಡಿಗೆ ಹೋದಳು. ಜೋಡಿಸಿದ ಮೇಲೂ ತೊಟ್ಟಿಕ್ಕಿತು, ಮತ್ತೆ ಬಿಚ್ಚಿದಳು. ವಾಷರ್ ಓರೆಯಾಗಿ ಕೂತಿತ್ತು. ನಾನು ಕೈ ಹಾಕದೆ ಸುಮ್ನೆ ಪಕ್ಕದಲ್ಲಿ ನಿಂತಿದ್ದೆ. ಮುಕ್ಕಾಲು ಗಂಟೆ ಹಿಡಿಯಿತು. ಈಗ ಒಂದು ಹನಿಯೂ ಇಲ್ಲ!

ಅಜ್ಜಿಮನೆಯ ಬಚ್ಚಲಿನ ನಲ್ಲಿಯೂ ಸೋರುತ್ತಿದೆಯಂತೆ. ಭಾನುವಾರ ಇಬ್ಬರೂ ಸ್ಪ್ಯಾನರ್ ಹಿಡಿದು ಅಲ್ಲಿಗೆ ಹೊರಡುತ್ತಿದ್ದಾರೆ.