ಮಗನ ಗೇಮ್ ಚಾಟ್‌ನಲ್ಲಿ ‘ರೀಪ್ಲೇಸ್’ ಅನ್ನುವ ಮಾತು: ಇದರ ಹಿಂದೆ ಏನಿದೆ?

ಪ್ಲೇನೋ ಅಮ್ಮ:
ನಾವು ಅಮೆರಿಕದ ಡಲ್ಲಾಸ್ ಹತ್ತಿರ ಬಂದು ಒಂಬತ್ತು ವರ್ಷ ಆಯಿತು. ಮಗನಿಗೆ ಹದಿನಾಲ್ಕು. ಮೊನ್ನೆ ಚಪಾತಿ ಕೊಡಲು ಅವನ ರೂಮಿಗೆ ಹೋದೆ, ಗೇಮ್ ಆಡುತ್ತಿದ್ದ, ಪಕ್ಕದಲ್ಲಿ ಚಾಟ್ ಓಡುತ್ತಿತ್ತು. ಯಾರೋ ಒಬ್ಬ ‘ನಿಮ್ಮವರು ಬಂದಿರೋದೇ ನಮ್ಮನ್ನು ರೀಪ್ಲೇಸ್ ಮಾಡೋಕೆ’ ಅಂತ ಬರೆದಿದ್ದ. ಅದರ ಕೆಳಗೆ 14, 88 ಅಂತ ಎರಡು ಅಂಕಿ, ನಗುವ ಇಮೋಜಿ. ಏನೋ ಇದು ಅಂದರೆ “ಜೋಕ್ ಅಮ್ಮ, ಎಲ್ರೂ ಹಾಕ್ತಾರೆ” ಅಂದ.

ನನಗೆ ನಿದ್ದೆ ಬಂದಿಲ್ಲ. 2023ರ ಮೇ ತಿಂಗಳಲ್ಲಿ ಇಲ್ಲೇ ಆಲೆನ್‌ನ ಮಾಲ್‌ನಲ್ಲಿ ಎಂಟು ಜನರನ್ನು ಕೊಂದರಲ್ಲ, ಅವರಲ್ಲಿ ಭಾರತದ ಒಬ್ಬ ಹುಡುಗಿಯೂ ಇದ್ದಳು. ಕೊಂದವನ ಮೈಮೇಲೆ ನಾಜಿ ಹಚ್ಚೆ ಇತ್ತು, ಆದರೆ ಅವನು ಹಿಸ್ಪಾನಿಕ್, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಮನೆತನದವನು. ಬಿಳಿಯನಲ್ಲದವನಿಗೆ ನಾಜಿ ಹುಚ್ಚು ಯಾಕೆ? ಇವರೆಲ್ಲ ನಿಜವಾಗಿ ಏನನ್ನು ನಂಬುತ್ತಾರೆ? ಗೊತ್ತಿರುವವರು ದಯವಿಟ್ಟು ಹೇಳಿ.

ತುಂಗಾತೀರ:
ಅಕ್ಕ, ಆ ಅಂಕಿಗಳಿಂದಲೇ ಶುರು ಮಾಡುತ್ತೇನೆ. 88 ಅಂದರೆ ಇಂಗ್ಲಿಷ್ ಅಕ್ಷರಮಾಲೆಯ ಎಂಟನೇ ಅಕ್ಷರ ಎರಡು ಸಲ, ಎಚ್ ಎಚ್, ಅಂದರೆ ‘ಹೈಲ್ ಹಿಟ್ಲರ್’. 14 ಅಂದರೆ ಬಿಳಿಯ ಮಕ್ಕಳ ಭವಿಷ್ಯ ಉಳಿಸಬೇಕು ಅನ್ನುವ ಹದಿನಾಲ್ಕು ಪದಗಳ ಒಂದು ಘೋಷಣೆ. ಅದನ್ನು ಬರೆದವನು 1984ರಲ್ಲಿ ಡೆನ್ವರ್‌ನಲ್ಲಿ ಒಬ್ಬ ಯಹೂದಿ ರೇಡಿಯೋ ನಿರೂಪಕನನ್ನು ಕೊಂದ ಗುಂಪಿನಲ್ಲಿದ್ದು ಜೈಲಿಗೆ ಹೋದವನು. ಜೋಕ್ ಅಂತ ಹಾಕುವ ಹುಡುಗರಿಗೆ ಇದು ಗೊತ್ತಿರುವುದಿಲ್ಲ.

‘ರೀಪ್ಲೇಸ್’ ಅನ್ನುವುದು ಇವತ್ತು ಈ ಬಿಳಿಯ ಜನಾಂಗವಾದಿಗಳ ಮೂಲ ಮಂತ್ರ. ವಲಸೆ ಬರುವವರು ಸುಮ್ನೆ ದುಡಿಯಲು ಬರುವುದಿಲ್ಲ, ಬಿಳಿಯರನ್ನು ಅಳಿಸಲು ಯಾರೋ ಬೇಕೆಂದೇ ಕರೆತರುತ್ತಿದ್ದಾರೆ ಅನ್ನುವುದು ಇವರ ವಾದ. ಆ ‘ಯಾರೋ’ ಅಂದರೆ ಬಹಳ ಸಲ ಯಹೂದಿಗಳು. ಹಳೇ ದ್ವೇಷವೇ, 2011ರಲ್ಲಿ ಫ್ರಾನ್ಸಿನ ಒಬ್ಬ ಲೇಖಕ ಈ ಹೊಸ ಹೆಸರು ಕೊಟ್ಟ. 2017ರಲ್ಲಿ ಅಮೆರಿಕದ ಶಾರ್ಲಟ್ಸ್‌ವಿಲ್‌ನಲ್ಲಿ ಇವರು ಪಂಜು ಹಿಡಿದು ಕೂಗಿದ್ದೂ ಇದನ್ನೇ.

ಕೊಲೆಗಳ ಸರಪಳಿ ನೋಡಿ. 2011ರಲ್ಲಿ ನಾರ್ವೆಯಲ್ಲಿ ಒಬ್ಬನೇ 77 ಜನರನ್ನು ಕೊಂದ, ಜಾಸ್ತಿ ಜನ ಯುವಕರ ಶಿಬಿರಕ್ಕೆ ಬಂದಿದ್ದವರು. ಅವನನ್ನು ಮೆಚ್ಚಿದವನು 2019ರಲ್ಲಿ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದ. ಅವನನ್ನು ಹೊಗಳಿ ಬರೆದವನು ಅದೇ ಆಗಸ್ಟ್‌ನಲ್ಲಿ ಎಲ್ ಪಾಸೋ ವಾಲ್‌ಮಾರ್ಟ್‌ಗೆ ಹೋದ, 23 ಜನ ಸತ್ತರು. ಅಕ್ಕ, ಅವನೂ ನಿಮ್ಮ ಆಲೆನ್ ಊರಿನವನೇ, ಹತ್ತು ಗಂಟೆ ಕಾರು ಓಡಿಸಿಕೊಂಡು ಹೋಗಿದ್ದ. 2022ರಲ್ಲಿ ಬಫಲೋದಲ್ಲಿ ಹತ್ತು ಜನ ಕಪ್ಪು ಜನರನ್ನು ಕೊಂದವನಿಗೆ ಬರೀ ಹದಿನೆಂಟು ವರ್ಷ, ಅವನು ಬರೆದದ್ದರಲ್ಲಿ ಎಷ್ಟೋ ಭಾಗ ಕ್ರೈಸ್ಟ್‌ಚರ್ಚ್‌ನವನದ್ದೇ ನಕಲು. ಆಗಿನ ನ್ಯೂಜಿಲೆಂಡ್ ಪ್ರಧಾನಿ ಕ್ರೈಸ್ಟ್‌ಚರ್ಚ್ ಕೊಲೆಗಾರನ ಹೆಸರನ್ನು ತಾನು ಹೇಳುವುದೇ ಇಲ್ಲ ಅಂದರು, ಅದಕ್ಕೇ ನಾನೂ ಯಾರ ಹೆಸರೂ ಬರೆದಿಲ್ಲ.

ಆಲೆನ್ ಮಾಲ್‌ನವನ ವಿಷಯ: ಅವನು ನಾಜಿ ಮಾತಿನ ಜೊತೆಗೆ ಹೆಂಗಸರ ಮೇಲೂ ಕೆಟ್ಟದಾಗಿ ಬರೆದಿದ್ದ. ತನ್ನ ಜನಾಂಗದ ಲೆಕ್ಕ ಹಾಕಿ ಎಲ್ಲರೂ ಇದಕ್ಕೆ ಬರುವುದಿಲ್ಲ. ಕೋಪ ಮೊದಲೇ ಇರುತ್ತದೆ, ಅದಕ್ಕೆ ಹಿಡಿ ಸಿಗುವುದು ಅಲ್ಲಿ.

ಮೈಸೂರ್ ಮಲ್ಲಿಗೆ:
ಇಷ್ಟೆಲ್ಲ ಸಿದ್ಧಾಂತ ಯಾಕೆ ಅನಿಸುತ್ತದೆ. ತಲೆ ಕೆಟ್ಟ ಒಬ್ಬೊಬ್ಬರು ಮಾಡುವ ಕೆಲಸ, ಅಷ್ಟೇ ಅಲ್ವಾ?

ತುಂಗಾತೀರ:
ಅಲ್ಲ. ಒಬ್ಬೊಬ್ಬರೇ ಮಾಡಲಿ ಅನ್ನುವುದೇ ಅವರ ಲೆಕ್ಕಾಚಾರ. ಕು ಕ್ಲಕ್ಸ್ ಕ್ಲಾನ್ ಅನ್ನುವ ಬಿಳಿಯ ಜನಾಂಗವಾದಿ ಸಂಘಟನೆಯ ಒಬ್ಬ ಮುಖಂಡ 1980ರ ದಶಕದಲ್ಲೇ ಇದನ್ನು ಬರೆದಿಟ್ಟ: ನಾಯಕ ಬೇಡ, ಸದಸ್ಯರ ಪಟ್ಟಿ ಬೇಡ, ಒಬ್ಬ ಸಿಕ್ಕಿಬಿದ್ದರೆ ಉಳಿದವರ ಸುಳಿವು ಸಿಗಬಾರದು. ‘ಒಂಟಿ ಹುಚ್ಚ’ ಅಂತ ನಾವು ಕೈತೊಳೆದುಕೊಂಡಾಗ ಅವರಿಗೇ ಅನುಕೂಲ.

ಕೆಂಪು ಮಣ್ಣು:
ಡಲ್ಲಾಸ್‌ನಿಂದ ಓಕ್ಲಹೋಮ ಸಿಟಿಗೆ ಮೂರು ಗಂಟೆ ದಾರಿ, ಅಕ್ಕ. ಮಗನನ್ನು ಒಮ್ಮೆ ಕರೆದುಕೊಂಡು ಹೋಗಿ. 1995ರ ಏಪ್ರಿಲ್ 19ರಂದು ಬೆಳಗ್ಗೆ 9:02ಕ್ಕೆ ಅಲ್ಲಿನ ಸರ್ಕಾರಿ ಕಟ್ಟಡದ ಮುಂದೆ ಬಾಡಿಗೆ ಟ್ರಕ್‌ನಲ್ಲಿ ಬಾಂಬ್ ಸಿಡಿದು 168 ಜನ ಸತ್ತರು. ಈಗ ಅಲ್ಲಿ ಹುಲ್ಲಿನ ಮೇಲೆ 168 ಖಾಲಿ ಕುರ್ಚಿಗಳಿವೆ. ಅದರಲ್ಲಿ 19 ಚಿಕ್ಕವು, ಮಕ್ಕಳದ್ದು. ಕಟ್ಟಡದೊಳಗೆ ಶಿಶುವಿಹಾರ ಇತ್ತು. ಆ ಚಿಕ್ಕ ಕುರ್ಚಿಗಳ ಮುಂದೆ ನನ್ನ ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು, ಕಾರಿಗೆ ಬರುವ ತನಕ ಬಿಡಲಿಲ್ಲ.

ಅವತ್ತು ಮೊದಲು ಅನುಮಾನ ಬಿದ್ದದ್ದು ಅರಬ್ ಜನರ ಮೇಲೆ. ಮಾಡಿದವನು ಟಿಮತಿ ಮೆಕ್‌ವೇ, ಕೊಲ್ಲಿ ಯುದ್ಧದಲ್ಲಿ ಹೋರಾಡಿದ ಅಮೆರಿಕದ ಸೈನಿಕ. ಅವನ ಸಿಟ್ಟು ಕೇಂದ್ರ ಸರ್ಕಾರದ ಮೇಲೆ. 1993ರಲ್ಲಿ ಇದೇ ಟೆಕ್ಸಸ್‌ನ ವೇಕೋದಲ್ಲಿ ಒಂದು ಧಾರ್ಮಿಕ ಪಂಥದ ನೆಲೆಗೆ ಕೇಂದ್ರ ಸರ್ಕಾರದವರು ಹಾಕಿದ ಮುತ್ತಿಗೆ ಬೆಂಕಿಯಲ್ಲಿ ಮುಗಿದ ದಿನವನ್ನೇ ಅವನು ಆರಿಸಿಕೊಂಡಿದ್ದ. ಸರ್ಕಾರ ಬಂದೂಕು ಕಿತ್ತುಕೊಳ್ಳುತ್ತದೆ ಅನ್ನುವ ಭಯ, ಬಿಳಿಯರು ಅಳಿಯುತ್ತಾರೆ ಅನ್ನುವ ಭಯ, ಎರಡೂ ಒಂದೇ ಜಗುಲಿಯಲ್ಲಿ ಕೂತಿರುತ್ತವೆ.

ಪ್ಲೇನೋ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಫೋನ್ ಕಿತ್ತುಕೊಳ್ಳದೆ, ಬೈಯದೆ, ಪಕ್ಕದಲ್ಲಿ ಕೂತು 14, 88 ಅಂದರೆ ಏನು ಅಂತ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಅದನ್ನು ಹಾಕಿದ ಹುಡುಗ ಯಾರು ಅಂತ ಹೇಳಿದ. ನಮ್ಮ ಬೀದಿಯವನೇ, ನಮ್ಮ ಮನೆಯಲ್ಲಿ ಎಷ್ಟೋ ಸಲ ದೋಸೆ ತಿಂದವನು. ನಾಳೆ ಅವನ ತಾಯಿಯ ಹತ್ತಿರ ಮಾತಾಡಬೇಕು ಅಂತಿದ್ದೇನೆ. ಹೇಗೆ ಶುರು ಮಾಡಲಿ, ಯಾರಾದರೂ ಮಾಡಿದ್ದರೆ ಹೇಳಿ.